ಕಿವಿ ತೆರೆದ ಸವಾರಿ: ದೂರದ ಸೈಕಲ್ ದಾರಿಯ ಬೇಸರ ಕಳೆಯುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ರಸ್ತೆಯ ವಿಷಯ ಬಂದಾಗಲೆಲ್ಲ ಡಾಂಬರು, ಚರಂಡಿ, ಬೀದಿದೀಪ, ಗುತ್ತಿಗೆದಾರರ ಬಿಲ್ಲು ಇವುಗಳ ಚರ್ಚೆ ನಡೆಯುತ್ತದೆ. ಅದೇ ರಸ್ತೆಯಲ್ಲಿ ಬೆಳಿಗ್ಗೆ ಸಂಜೆ ಸೈಕಲ್ ತುಳಿಯುವವರ ದಣಿವಾಗಲಿ ಬೇಸರವಾಗಲಿ ಯಾವ ನಡವಳಿ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಇಂದಿನ ವಿಷಯ ಮೇಲ್ನೋಟಕ್ಕೆ ಸಣ್ಣದು. ಕಿವಿಯಲ್ಲಿ ಹಾಡಿಲ್ಲದೆ ದೂರದ ಸೈಕಲ್ ಪ್ರಯಾಣವನ್ನು ಉತ್ಸಾಹದಿಂದ ಮುಗಿಸುವುದು ಹೇಗೆ ಎಂಬುದಷ್ಟೇ ಪ್ರಶ್ನೆ. ಆದರೆ ಅದರ ಹಿಂದೆ ಮಕ್ಕಳ ಜೀವದ ಮಾತಿದೆ.

ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಿಸಲು ಆರಂಭಿಸಿದ ಮೇಲೆ, ಪ್ರೌಢಶಾಲೆಯಿಲ್ಲದ ಊರುಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಗುಂಪುಗುಂಪಾಗಿ ರಸ್ತೆಗಿಳಿದುದನ್ನು ಇಲ್ಲಿರುವ ಹಿರಿಯ ಸದಸ್ಯರು ಕಂಡಿದ್ದಾರೆ. ಹಾಲು ಹಾಕುವವರು, ಪತ್ರಿಕೆ ಹಂಚುವವರು, ಗ್ರಾಮೀಣ ಅಂಚೆ ಸೇವಕರು ಮೊದಲಿನಿಂದಲೂ ಸೈಕಲ್ಲನ್ನೇ ನಂಬಿದವರು. ಏಳು ಕಿ.ಮೀ. ದೂರದ ಶಾಲೆಗೆ ಹೋಗಿಬರುವ ವಿದ್ಯಾರ್ಥಿನಿ ದಿನವೊಂದಕ್ಕೆ ಹತ್ತಿರಹತ್ತಿರ ಒಂದು ಗಂಟೆ ಸೀಟಿನ ಮೇಲಿರುತ್ತಾಳೆ. ಅದೇ ಗದ್ದೆ, ಅದೇ ತಿರುವು, ಅದೇ ಏರು. ಇಂಥ ದಾರಿಯಲ್ಲಿ ಇಯರ್‌ಫೋನ್ ಕಿವಿಗೇರುವುದು ಆಶ್ಚರ್ಯವಲ್ಲ. ಅದನ್ನು ದುರಭ್ಯಾಸವೆಂದು ಗದರಿಸಿ ಕೈತೊಳೆದುಕೊಳ್ಳುವುದು ಸುಲಭ; ಬೇಸರಕ್ಕೆ ಬದಲಿ ಕೊಡದೆ ಗದರಿಸಿದರೆ ಊರ ಗಡಿ ದಾಟಿದೊಡನೆ ಅದು ಮತ್ತೆ ಕಿವಿಗೇರುತ್ತದೆ.

ಅಪಾಯದ ಲೆಕ್ಕವನ್ನು ಒಮ್ಮೆ ಮಾಡಿ ನೋಡಬಹುದು. ಸೈಕಲ್ ಗಂಟೆಗೆ 15 ಕಿ.ಮೀ. ವೇಗದಲ್ಲಿದ್ದು, ಹಿಂದಿನಿಂದ ಲಾರಿಯೊಂದು ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ, ಅವೆರಡರ ನಡುವಿನ 50 ಮೀಟರ್ ಅಂತರ ಕರಗಲು ಬೇಕಾಗುವುದು ನಾಲ್ಕೇ ಸೆಕೆಂಡು. ಸಾಮಾನ್ಯ ಸೈಕಲ್ಲಿಗೆ ಹಿಂದಿನದನ್ನು ತೋರಿಸುವ ಕನ್ನಡಿಯಿಲ್ಲ. ಕಿವಿಯೇ ಅದರ ಕನ್ನಡಿ. ಟೈರಿನ ಸದ್ದು, ಎಂಜಿನ್ನಿನ ಗುಡುಗು, ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರಿನ ಕಿರುಗುಟ್ಟುವಿಕೆ ಇವು ಹಾರ್ನಿಗಿಂತ ಮೊದಲೇ ಸುದ್ದಿ ತರುತ್ತವೆ. ಒಂದೇ ಕಿವಿಗೆ ಹಾಕಿಕೊಂಡರೆ ತೊಂದರೆಯಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಶಬ್ದ ಯಾವ ದಿಕ್ಕಿನಿಂದ ಬಂದಿತೆಂದು ಗುರುತಿಸಲು ಮಿದುಳಿಗೆ ಎರಡೂ ಕಿವಿಗಳ ವರದಿ ಬೇಕು.

ಹಾಡಿಲ್ಲದೆ ಅಷ್ಟು ದೂರ ತುಳಿಯಲು ಸಾಧ್ಯವೇ ಎಂದು ಕೇಳುವವರಿಗೆ ಫ್ರಾನ್ಸ್ ದೇಶದ ಉದಾಹರಣೆಯಿದೆ. ಅಲ್ಲಿ 2015ರ ಜುಲೈ 1ರಿಂದ ಸೈಕಲ್ ಸವಾರರೂ ಸೇರಿದಂತೆ ವಾಹನ ನಡೆಸುವವರಾರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವಂತಿಲ್ಲ. ಅದೇ ದೇಶದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಎಂಬ ಸುಮಾರು 1200 ಕಿ.ಮೀ. ದೂರದ ಸವಾರಿ ನಡೆಯುತ್ತದೆ. 1891ರಲ್ಲಿ ಪಂದ್ಯವಾಗಿ ಆರಂಭವಾದ ಅದು ಈಗ ಪಂದ್ಯವಲ್ಲ, ಗರಿಷ್ಠ 90 ಗಂಟೆಗಳಲ್ಲಿ ಮುಗಿಸಬೇಕಾದ ಸಹನೆಯ ಪರೀಕ್ಷೆ. ಭಾರತದಿಂದ, ಕರ್ನಾಟಕದಿಂದಲೂ ಸವಾರರು ಹೋಗಿ ಬಂದಿದ್ದಾರೆ. ಅದಕ್ಕೆ ಅರ್ಹತೆ ಪಡೆಯಲು ತಮ್ಮ ನಾಡಿನಲ್ಲಿಯೇ 200, 300, 400, 600 ಕಿ.ಮೀ.ಗಳ ಸವಾರಿಗಳನ್ನು ಕ್ರಮವಾಗಿ ಹದಿಮೂರೂವರೆ, 20, 27 ಮತ್ತು 40 ಗಂಟೆಗಳೊಳಗೆ ಮುಗಿಸಬೇಕು.

ಆ ಸವಾರರ ಬಳಿಯಿರುವ ಉಪಾಯ ಅತಿ ಸರಳವಾದುದು. ಅವರ ಕೈಯಲ್ಲಿ ಒಂದು ಚೀಟಿಯಿರುತ್ತದೆ; ದಾರಿಯ ನಡುವೆ ಗೊತ್ತುಪಡಿಸಿದ ತಾಣಗಳಲ್ಲಿ ಅದಕ್ಕೆ ಮುದ್ರೆ ಹಾಕಿಸಬೇಕು. ನುರಿತವರು 600 ಕಿ.ಮೀ.ಯನ್ನು ಒಟ್ಟಾಗಿ ಎಂದೂ ನೆನೆಯುವುದಿಲ್ಲ. ಮುಂದಿನ ಮುದ್ರೆಯ ತಾಣವಷ್ಟೇ ಅವರ ಊರು. ಅಲ್ಲಿ ನೀರು, ಊಟ, ನಾಲ್ಕು ಮಾತು. ಬಳಿಕ ಇನ್ನೊಂದು ಊರು.

ಈ ಉಪಾಯವನ್ನು ಏಳು ಕಿ.ಮೀ.ಯ ಶಾಲಾ ದಾರಿಗೂ ಇಳಿಸಬಹುದು. ಅದಕ್ಕೆ ಬೇಕಾದ ಸಾಮಗ್ರಿಯನ್ನು ಲೋಕೋಪಯೋಗಿ ಇಲಾಖೆ ರಸ್ತೆಬದಿಯಲ್ಲಿ ಆಗಲೇ ನೆಟ್ಟಿದೆ. ಕಿ.ಮೀ. ಕಲ್ಲುಗಳ ತಲೆಯ ಬಣ್ಣ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಳದಿ, ರಾಜ್ಯ ಹೆದ್ದಾರಿಯಲ್ಲಿ ಹಸಿರು, ಗ್ರಾಮೀಣ ರಸ್ತೆಗಳಲ್ಲಿ ಕಿತ್ತಳೆ. ಅವುಗಳ ನಡುವೆ 200 ಮೀಟರಿಗೊಂದು ಗಿಡ್ಡ ಕಲ್ಲು. ಹಳಬರು ಇಂದಿಗೂ ಅದನ್ನು ಫರ್ಲಾಂಗ್ ಕಲ್ಲು ಎನ್ನುತ್ತಾರೆ, ಅದು ತಪ್ಪೇನಲ್ಲ; ಒಂದು ಫರ್ಲಾಂಗ್ ಎಂದರೆ ಸುಮಾರು 201 ಮೀಟರ್. ಗೇರಿಲ್ಲದ ಸಾಮಾನ್ಯ ಸೈಕಲ್ ಪೆಡಲಿನ ಒಂದು ಪೂರ್ಣ ಸುತ್ತಿಗೆ ಹೆಚ್ಚುಕಡಿಮೆ ಐದು ಮೀಟರ್ ಸಾಗುತ್ತದೆ. ಎಂದರೆ ಒಂದು ಗಿಡ್ಡ ಕಲ್ಲಿನಿಂದ ಇನ್ನೊಂದಕ್ಕೆ ನಲವತ್ತು ಸುತ್ತು. ಎಣಿಸಿಕೊಂಡು ಹೋಗುವ ಹುಡುಗಿಗೆ ಏರಿನಲ್ಲಿ ಎಷ್ಟು, ಆಷಾಢದ ಎದುರುಗಾಳಿಯಲ್ಲಿ ಎಷ್ಟು ಹೊತ್ತು ಹಿಡಿಯಿತೆಂಬುದು ತಿಳಿಯುತ್ತ ಹೋಗುತ್ತದೆ. ಗಣಿತದ ಮೇಷ್ಟರು ಮನಸ್ಸು ಮಾಡಿದರೆ ಸರಾಸರಿಯ ಪಾಠ ಇಲ್ಲಿಯೇ ಮುಗಿದೀತು. ಕಲ್ಲು ಕಿತ್ತುಹೋಗಿದ್ದರೆ ಹುಣಸೆಮರ, ಕೆರೆ ಏರಿ, ಹಿಟ್ಟಿನ ಗಿರಣಿ ಇವೇ ಮುದ್ರೆಯ ತಾಣಗಳಾಗುತ್ತವೆ.

ಏರನ್ನು ಹತ್ತುವಾಗ ಅದರ ನೆತ್ತಿಯನ್ನು ದಿಟ್ಟಿಸದೆ, ದಾರಿಯ ಮೇಲೆ ಕಣ್ಣಿಟ್ಟು ಹತ್ತಿಪ್ಪತ್ತು ಮೀಟರ್ ಮುಂದಿನದನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದೂ ಇದೇ ಉಪಾಯದ ಒಂದು ರೂಪ.

ಹಾಡಿಲ್ಲದೆ ಎಂದರೆ ಬಾಯಿ ಮುಚ್ಚಿಕೊಂಡು ಎಂದರ್ಥವಲ್ಲ. ಬೀಸುಕಲ್ಲಿನ ಮುಂದೆ ಕುಳಿತ ತಾಯಂದಿರು ರಾಗಿ ಬೀಸುತ್ತ ತ್ರಿಪದಿ ಹಾಡಿದರು. ರಾತ್ರಿಯಿಡೀ ಬಂಡಿ ಹೊಡೆದವರು ತಮ್ಮ ಪದವನ್ನು ತಾವೇ ಕಟ್ಟಿಕೊಂಡರು. ಕೈಕಾಲಿನ ಲಯದಿಂದ ಹುಟ್ಟಿದ ಹಾಡು ಅದು. ಹಾಡುವವರ ಕಿವಿಯನ್ನು ಅದು ಮುಚ್ಚುತ್ತಿರಲಿಲ್ಲ. ಪೆಡಲಿನ ಸುತ್ತಿಗೂ ಅಂಥದೇ ಲಯವಿದೆ. ಸವಾರ ಗುನುಗಿಕೊಳ್ಳುವ ಹಾಡು ಲಾರಿಯ ಸದ್ದು ಬಂದೊಡನೆ ತಾನಾಗಿ ನಿಲ್ಲುತ್ತದೆ, ಯಂತ್ರದ ಹಾಡು ನಿಲ್ಲುವುದಿಲ್ಲ. ಇದರಲ್ಲಿ ಇನ್ನೊಂದು ಪ್ರಯೋಜನವೂ ಇದೆ. ತುಳಿಯುತ್ತ ಸಲೀಸಾಗಿ ಹಾಡಲು ಬಂದರೆ ಶ್ರಮ ಹಗುರವಾಗಿದೆ ಎಂದೂ, ಮಾತಾಡಬಹುದು ಆದರೆ ಹಾಡಲಾಗದು ಎಂದಾದರೆ ಮಧ್ಯಮ ಶ್ರಮವೆಂದೂ, ಎರಡು ಮಾತಿಗೇ ಉಸಿರು ಕಟ್ಟಿದರೆ ವೇಗ ಮೀರಿದೆ ಎಂದೂ ವ್ಯಾಯಾಮ ಬಲ್ಲವರು ಅಳೆಯುತ್ತಾರೆ. ದೂರ ಹೋಗಬೇಕಾದವರಿಗೆ ಮೊದಲೆರಡು ಸ್ಥಿತಿಗಳೇ ಲೇಸು.

ಜೊತೆಗಾರರಿದ್ದರೆ ಒಗಟುಗಳಿವೆ. ಕಿರಿದಾದ ರಸ್ತೆಯಲ್ಲಿ ಅಕ್ಕಪಕ್ಕ ಸಾಗುವುದು ತರವಲ್ಲವಾದ್ದರಿಂದ, ಒಗಟನ್ನು ಹೊರಡುವಾಗ ಒಡ್ಡಿ, ಉತ್ತರವನ್ನು ನೀರು ಕುಡಿಯಲು ಇಳಿಯುವ ತಾಣದಲ್ಲಿ ಕೇಳಬೇಕು. ನಡುವಿನ ಎರಡು ಮೂರು ಕಿ.ಮೀ. ಸಾಲಿನಲ್ಲಿ ಸಾಗುತ್ತಲೇ ಯೋಚನೆಯಲ್ಲಿ ಸವೆದುಹೋಗುತ್ತದೆ. ಒಂಟಿಯಾಗಿ ಹೋಗುವವರಿಗೆ ತಂತಿಯ ಮೇಲಿನ ಹಕ್ಕಿಗಳ ಲೆಕ್ಕವಿದೆ. ಕಾಜಾಣ ಎಷ್ಟು, ರಾಜ್ಯಪಕ್ಷಿ ನೀಲಕಂಠ ಎಷ್ಟು ಎಂದು ಒಂದು ತಿಂಗಳು ಬರೆದಿಟ್ಟರೆ ಅದು ಅರಿವು ಕೇಂದ್ರದ ಗೋಡೆಗೆ ಅಂಟಿಸಲು ಯೋಗ್ಯವಾದ ದಾಖಲೆಯಾಗುತ್ತದೆ. ಏನನ್ನೂ ಮಾಡದೆ ಸುಮ್ಮನೆ ತುಳಿಯುವುದಕ್ಕೂ ಬೆಲೆಯಿದೆ. ದಿನದಲ್ಲಿ ಅರ್ಧ ಗಂಟೆ ಯಾರ ಮಾತೂ ಯಾವ ಪರದೆಯೂ ಇಲ್ಲದಿರುವುದು ಈ ಕಾಲದ ಮಕ್ಕಳಿಗೆ ದುರ್ಲಭವಾದ ವಿಶ್ರಾಂತಿ.

ಬೇಸರವೆಂದು ತೋರುವುದು ಎಷ್ಟೋ ಬಾರಿ ಬೇಸರವೇ ಅಲ್ಲ, ಹಸಿವು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೊರಟವರಿಗೆ ನಡುದಾರಿಯಲ್ಲಿ ಮನಸ್ಸು ಕುಸಿಯುತ್ತದೆ, ಸೈಕಲ್ಲು ಭಾರವೆನಿಸುತ್ತದೆ. ಒಂದು ಬಾಳೆಹಣ್ಣು ಅಥವಾ ಒಂದು ಶೇಂಗಾ ಉಂಡೆ, ಜೊತೆಗೆ ನಾಲ್ಕು ಗುಟುಕು ನೀರು ಅಂಥ ಹೊತ್ತಿನಲ್ಲಿ ಮಾಡುವ ಕೆಲಸವನ್ನು ಯಾವ ಚಿತ್ರಗೀತೆಯೂ ಮಾಡಲಾರದು. ಸರಪಳಿಗೆ ಎಣ್ಣೆ, ಟೈರಿಗೆ ಗಾಳಿ ಸರಿಯಿದ್ದರೆ ಅರ್ಧ ನಿರುತ್ಸಾಹ ಅಲ್ಲಿಯೇ ಕಳೆಯುತ್ತದೆ.

ಇಷ್ಟು ಸವಾರರ ಪಾಲಿನ ಮಾತಾಯಿತು. ಇಯರ್‌ಫೋನ್ ಹಾಕಿಕೊಂಡ ವಿದ್ಯಾರ್ಥಿನಿಯನ್ನು ಕಾರಣ ಕೇಳಿದವರು ಎಷ್ಟು ಮಂದಿ? ಅವಳು ಅದನ್ನು ಹಾಡಿಗಾಗಿಯೇ ಹಾಕಿರಬೇಕೆಂದಿಲ್ಲ. ತಿರುವಿನ ಸೇತುವೆಯ ಕಟ್ಟೆಯ ಮೇಲೆ ಕುಳಿತವರ ಮಾತು ಕೇಳಿಸದಿರಲೆಂದು ಹಾಕಿರಬಹುದು. ಬೈಕಿನಲ್ಲಿ ಪಕ್ಕಕ್ಕೆ ಬಂದು ಹೆಸರು ಕೇಳುವವರಿಗೆ ಉತ್ತರ ಕೊಡದಿರಲು ಅದೊಂದು ನೆಪವಾಗಿರಬಹುದು. ಹಾಗಿದ್ದಲ್ಲಿ ಅವಳಿಗೆ ಒಗಟು, ಹಕ್ಕಿ, ಫರ್ಲಾಂಗ್ ಕಲ್ಲುಗಳ ಉಪದೇಶ ಮಾಡುವುದು ಅನ್ಯಾಯ. ಅವಳು ಕಿವಿ ಮುಚ್ಚಿಕೊಂಡದ್ದು ಲಾರಿಗಿಂತ ಹೆಚ್ಚಿನದೊಂದಕ್ಕೆ ಹೆದರಿ. ಆ ರಸ್ತೆಯನ್ನು ಕಿವಿ ತೆರೆದು ಸಾಗಬಹುದಾದ ರಸ್ತೆಯನ್ನಾಗಿ ಮಾಡುವ ಹೊಣೆ ಹದಿಮೂರು ವರ್ಷದ ಹುಡುಗಿಯದಲ್ಲ.

ಮುಂದಿನ ಮಕ್ಕಳ ಗ್ರಾಮ ಸಭೆಯಲ್ಲಿ ಶೌಚಾಲಯ, ಆಟದ ಮೈದಾನದ ಬೇಡಿಕೆಗಳ ಜೊತೆಗೆ ಈ ಪ್ರಶ್ನೆಯನ್ನೂ ಸೇರಿಸಬಹುದು: ಶಾಲೆಯ ದಾರಿಯಲ್ಲಿ ಯಾವ ಜಾಗ ಬಂದಾಗ ಬೇಗ ದಾಟಿಬಿಡಬೇಕು ಎನಿಸುತ್ತದೆ? ಹೆಣ್ಣುಮಕ್ಕಳನ್ನು ಪ್ರತ್ಯೇಕವಾಗಿ, ಮಹಿಳಾ ಸದಸ್ಯರು ಅಥವಾ ಶಿಕ್ಷಕಿಯರು ಕೇಳಿದರೆ ಉತ್ತರ ಬರುತ್ತದೆ. ತುಂಬಿದ ಸಭೆಯಲ್ಲಿ ಕೇಳಿದರೆ ಬರುವುದಿಲ್ಲ. ಹೇಳಿದವರ ಹೆಸರನ್ನು ಎಲ್ಲಿಯೂ ಬರೆಯಬಾರದು, ಜಾಗದ ಹೆಸರನ್ನು ಮಾತ್ರ ಬರೆಯಬೇಕು. ಆ ಜಾಗಕ್ಕೆ ಒಂದು ದೀಪ ಬೇಕಾಗಬಹುದು. ರಸ್ತೆಯಂಚಿನ ಜಾಲಿ ಸವರಬೇಕಾಗಬಹುದು. ಬೀಟ್ ಪೊಲೀಸರಿಗೆ ಹೊತ್ತು ಗೊತ್ತುಪಡಿಸಿ ತಿಳಿಸಬೇಕಾಗಬಹುದು. ಒಂದೇ ಊರಿನ ಮಕ್ಕಳು ಒಂದೇ ಹೊತ್ತಿಗೆ ಹೊರಡುವಂತೆ ಪೋಷಕರೊಡನೆ ಮಾತಾಡಬೇಕಾಗಬಹುದು. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಆ ದಾರಿಯ ತಂಗುದಾಣದ ಗೋಡೆಯ ಮೇಲೆ ಬರೆಯಿಸಲು ಒಂದು ಡಬ್ಬಿ ಬಣ್ಣ ಸಾಕು.

ಅದಕ್ಕೂ ಮೊದಲು, ತಮ್ಮ ತಮ್ಮ ವಾರ್ಡಿನಿಂದ ಪ್ರೌಢಶಾಲೆಯವರೆಗೆ ಶಾಲೆಯ ವೇಳೆಯಲ್ಲಿ ಸದಸ್ಯರು ಒಮ್ಮೆಯಾದರೂ ಸೈಕಲ್ ತುಳಿದು ಹೋಗಿಬರುವುದು ಒಳ್ಳೆಯದು. ಜೀಪಿನಿಂದ ಕಾಣದ ಗುಂಡಿಗಳು ಸೀಟಿನ ಮೇಲೆ ಕುಳಿತಾಗ ಕಾಣುತ್ತವೆ, ಜೀಪಿನೊಳಗೆ ಕೇಳಿಸದ ಮಾತುಗಳೂ ಕೇಳಿಸುತ್ತವೆ.