ಎತ್ತರದ ಹಾದಿಗೆ ಅಣಿಯಾಗುವ ಮುನ್ನ



ಹಿಮಾಲಯದ ಚಾರಣವನ್ನೋ, ಪೆರು ದೇಶದ ಮಾಚು ಪಿಚುವಿನ ಪ್ರಾಚೀನ ಅವಶೇಷಗಳನ್ನೋ ತೆರೆಯ ಮೇಲೆ ತೋರಿಸಿದಾಗಲೆಲ್ಲ ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ: "ಬಯಲುಸೀಮೆಯವರಾದ ನಾವೂ ಅಲ್ಲಿಗೆ ಹೋಗಬಹುದೇ? ಸಿದ್ಧತೆ ಹೇಗೆ?" ಖಂಡಿತ ಹೋಗಬಹುದು. ಸಿದ್ಧತೆಗೆ ಮಾತ್ರ ದೂರ ಹೋಗಬೇಕಾಗಿಲ್ಲ. ಚಳ್ಳಕೆರೆಯಲ್ಲಿ ಬಸ್ಸು ಹತ್ತಿ ಮೊಳಕಾಲ್ಮೂರು ತಾಲ್ಲೂಕಿಗೆ ಹೋದರೆ ಸಾಕು.

ಮೊಳಕಾಲ್ಮೂರು ಎಂದೊಡನೆ ರೇಷ್ಮೆ ಸೀರೆಯ ನೆನಪಾಗುವುದು ಸಹಜ. ಆದರೆ ಈ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲ ಪಟ್ಟಣದ ಮಹಾಮಾತ್ರರಿಗೆ ಬಂದ ಆಜ್ಞೆ ಇದು. ಬರೆದವನು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರನೆಂಬ ಮಾತನ್ನಷ್ಟೇ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಆತ ಕೆತ್ತಿದ್ದಾನೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಿಂದ, ಕಲ್ಲುಗೊಡಲಿ ಬಳಸಿದವರು, ಬೃಹತ್ ಶಿಲಾ ಸಮಾಧಿ ಕಟ್ಟಿದವರು, ಆ ನಂತರದ ಶಾತವಾಹನರ ಕಾಲದವರು ಇಲ್ಲಿ ಬಾಳಿದ್ದು ತಿಳಿದುಬಂದಿತು. ಪ್ರಾಚೀನ ಅವಶೇಷಗಳಿಗೂ ನಡಿಗೆಗೂ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ?

ಹೊರಡುವ ದಿನಕ್ಕೆ ಮೂರು ತಿಂಗಳು ಮೊದಲೇ ಅಭ್ಯಾಸ ಆರಂಭಿಸಿ. ನಲವತ್ತು ದಾಟಿದವರು, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ವಾರದಲ್ಲಿ ನಾಲ್ಕು ದಿನ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ. ಬೆನ್ನಿನ ಚೀಲದಲ್ಲಿ ಮೊದಲು 3 ಕಿಲೋ ಇರಲಿ, ಕ್ರಮೇಣ 7-8 ಕಿಲೋಗೆ ಏರಿಸಿ. ಕೊನೆಯ ತಿಂಗಳಲ್ಲಿ ಎರಡು ದಿನ ಬೆನ್ನುಬೆನ್ನಿಗೆ ನಡೆಯುವುದು ಮುಖ್ಯ. ಮೊದಲ ದಿನ ಬ್ರಹ್ಮಗಿರಿ ಮತ್ತು ಸಿದ್ದಾಪುರ, ಮರುದಿನ ಜಟಿಂಗ ರಾಮೇಶ್ವರ ಬೆಟ್ಟ. ನಿನ್ನೆ ದಣಿದ ಕಾಲು ಇಂದು ಹೇಗೆ ನಡೆಯುತ್ತದೆಂಬುದು ಹಲವು ದಿನಗಳ ಚಾರಣದ ನಿಜವಾದ ಪರೀಕ್ಷೆ. ಏರುವಾಗ ದಮ್ಮು ಬೇಕು, ಇಳಿಯುವಾಗ ಮೊಳಕಾಲು ಬೇಕು. ಆ ಪರೀಕ್ಷೆ ಮೊಳಕಾಲ್ಮೂರಿನಲ್ಲೇ ಆಗಲಿ! ಹೊಸ ಬೂಟನ್ನು ದೂರದ ಬೆಟ್ಟದಲ್ಲಿ ಮೊದಲ ಬಾರಿಗೆ ತೊಡಬೇಡಿ. ಇಲ್ಲೇ ಹಾಕಿ ಪಳಗಿಸಿಕೊಳ್ಳಿ.

ಇದು ರಾಜ್ಯದಲ್ಲೇ ಮಳೆ ಬಹಳ ಕಡಿಮೆಯಿರುವ ಸೀಮೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ನಡೆಯುವುದು ಉತ್ತಮ. ಬೆಳಕು ಹರಿಯುವಾಗ ಹೊರಟು ಬಿಸಿಲೇರುವ ಮುನ್ನ ಇಳಿಯಿರಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಇಟ್ಟುಕೊಳ್ಳಿ. ಅಳತೆ ತಪ್ಪಬಾರದು.

ಈ ಎಚ್ಚರಿಕೆಯ ಮಾತುಗಳನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ, ಒಂದು ಏಪ್ರಿಲ್‌ನಲ್ಲಿ ಚಿತ್ರೀಕರಣಕ್ಕೆಂದು ಜಟಿಂಗ ರಾಮೇಶ್ವರ ಏರುತ್ತಿದ್ದೆವು. ಕ್ಯಾಮೆರಾ, ಬ್ಯಾಟರಿ, ಮುಕ್ಕಾಲಿ ಎಲ್ಲವನ್ನೂ ಲೆಕ್ಕಹಾಕಿ ತಂದಿದ್ದ ನಾನು ನೀರಿನ ಲೆಕ್ಕ ಹಾಕಿರಲಿಲ್ಲ. ಅರ್ಧ ಬೆಟ್ಟದಲ್ಲಿ ತಲೆನೋವು ಶುರುವಾಯಿತು, ಆಮೇಲೆ ವಾಕರಿಕೆ. ತಂಡದ ಹಿರಿಯ ನಾನು, ಹುಡುಗರ ಮುಂದೆ ಹೇಗೆ ಹೇಳುವುದು? ಸುಮ್ಮನೆ ನಡೆದೆ. ದೇವಸ್ಥಾನ ಇನ್ನೇನು ಬಂತು ಎನ್ನುವಾಗ ಕಣ್ಣು ಕತ್ತಲೆಗಟ್ಟಿ ಕುಸಿದೆ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಬಂಡೆಯ ನೆರಳಿಗೆ ಕರೆದೊಯ್ದು, ತಲೆಗೆ ನೀರು ತಟ್ಟಿ, ತಮ್ಮ ಬುತ್ತಿಯ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದರು.

"ಯಾವಾಗ್ಲಿಂದ ಹಿಂಗಾಗ್ತಿತ್ತು ಸ್ವಾಮಿ?"

"ಅರ್ಧ ಬೆಟ್ಟದಿಂದ."

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

ವಿಜ್ಞಾನ ಓದಿದವನೆಂಬ ಹೆಮ್ಮೆಯಿದ್ದ ನನ್ನ ಬಳಿ ಉತ್ತರವಿರಲಿಲ್ಲ.

ಮೂರೂವರೆ ಸಾವಿರ ಅಡಿಗಳ ಆಸುಪಾಸಿನ ಈ ಬೆಟ್ಟದಲ್ಲಿ ನನ್ನ ಮೌನಕ್ಕೆ ಮಜ್ಜಿಗೆಯ ಪರಿಹಾರ ಸಿಕ್ಕಿತು. ನಿಜವಾದ ಎತ್ತರದಲ್ಲಿ ಅಂಥ ಮೌನ ಪ್ರಾಣಕ್ಕೇ ಎರವಾಗಬಹುದು. ಮಾಚು ಪಿಚುವಿಗೆ ಹೋಗುವ ಹೆಸರಾಂತ ಇಂಕಾ ಹಾದಿ ಸುಮಾರು 42 ಕಿಲೋಮೀಟರ್, ನಾಲ್ಕು ದಿನಗಳ ನಡಿಗೆ. ಅದರ ಅತ್ಯುನ್ನತ ಸ್ಥಳ 4,215 ಮೀಟರ್. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇಕಡಾ 21ರಷ್ಟೇ ಇರುತ್ತದೆ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರಷ್ಟಕ್ಕೆ ಇಳಿದಿರುವುದರಿಂದ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ನಮ್ಮ ಬೆಟ್ಟಗಳು ಕಾಲನ್ನು ಗಟ್ಟಿಮಾಡಬಲ್ಲವು, ಈ ವಿರಳ ಗಾಳಿಗೆ ದೇಹವನ್ನು ಒಗ್ಗಿಸಲಾರವು. ಗಟ್ಟಿಮುಟ್ಟಾದ ಯುವಕರಿಗೂ ಎತ್ತರದ ಕಾಯಿಲೆ ಬರುತ್ತದೆ. ಅವರು ಬೇಗ ಏರುವುದರಿಂದ ಅಪಾಯ ಹೆಚ್ಚಾಗಲೂಬಹುದು.

ಇದಕ್ಕೆ ಮದ್ದು ನಿಧಾನ. 3,400 ಮೀಟರ್ ಎತ್ತರದ ಕುಸ್ಕೋ ನಗರದಲ್ಲಿ ಎರಡು ಮೂರು ದಿನ ತಂಗಿ ಒಗ್ಗಿಕೊಂಡ ಮೇಲೆಯೇ ಚಾರಣಿಗರು ಹೊರಡುವುದು ಅದಕ್ಕಾಗಿ. ಹಿಮಾಲಯದಲ್ಲಾದರೂ ಅಷ್ಟೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ತಲೆನೋವಿನ ಜೊತೆಗೆ ವಾಕರಿಕೆ, ತಲೆಸುತ್ತು ಅಥವಾ ಅತಿಯಾದ ಸುಸ್ತು ಕಂಡರೆ ಅಂದು ಮೇಲೇರಬೇಡಿ. ಕುಳಿತಾಗಲೂ ಏದುಸಿರು ಬಂದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ರಾತ್ರಿಯಾದರೂ ಸರಿ, ಜೊತೆಗೊಬ್ಬರನ್ನು ಕೂಡಿಸಿ ಕೂಡಲೇ ಕೆಳಗಿಳಿಸಬೇಕು. ಮಾತ್ರೆಗಳಿವೆ, ಅವನ್ನು ವೈದ್ಯರ ಸಲಹೆಯಿಲ್ಲದೆ ನುಂಗಬಾರದು. ಮಾತ್ರೆ ನುಂಗಿ ಏರುತ್ತಲೇ ಹೋಗುವುದಂತೂ ತರವಲ್ಲ.

ಆದ್ದರಿಂದ ಬ್ರಹ್ಮಗಿರಿಯಲ್ಲಿ ಅಭ್ಯಾಸ ಮಾಡುವಾಗ ಕಾಲಿನ ಜೊತೆ ನಾಲಿಗೆಗೂ ಅಭ್ಯಾಸವಾಗಲಿ. ಗಂಟೆಗೊಮ್ಮೆ ನಿಂತು, "ಯಾರಿಗೆ ಹೇಗಿದೆ?" ಎಂದು ಪರಸ್ಪರ ಕೇಳಿಕೊಳ್ಳಿ. ತಂಡದ ಹಿರಿಯರೇ ಮೊದಲು ಉತ್ತರ ಹೇಳಲಿ, ಆಗ ಕಿರಿಯರಿಗೆ ಹೇಳಲು ಸಂಕೋಚವಾಗದು. ನಮ್ಮ ತಂಡದಲ್ಲಿ ಈಗ ಇದೇ ನಿಯಮ. ಕ್ಯಾಮೆರಾ ಹೊರುವ ಹುಡುಗ ಕಳೆದ ಸಲ, "ಸಾರ್, ನನಗೆ ಯಾಕೋ ಸರಿಯಿಲ್ಲ" ಎಂದ. ಎಲ್ಲರೂ ಹಿಂದಿರುಗಿದೆವು. ಅಂದಿನ ಚಿತ್ರೀಕರಣ ಆಗಲಿಲ್ಲ. ಮರುದಿನ ಬೆಳಗ್ಗೆ ಅವನೇ ಎಲ್ಲರಿಗಿಂತ ಮೊದಲು ಮೇಲೆ ತಲುಪಿದ್ದ.

ನಿಮ್ಮ ಪ್ರಯಾಣ ಸುಖಕರವಾಗಲಿ.