ಸತ್ತ ಕೊಲೆಗಾರನನ್ನು ಎಬ್ಬಿಸುವವರು

(ನಂಜನಗೂಡಿನಲ್ಲಿಯೂ ತಿರುಮಕೂಡಲು ನರಸೀಪುರದಲ್ಲಿಯೂ ಕಾರ್ಮಿಕರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಗಳಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಮಳಿಗೆ ಬಾಡಿಗೆ ಇವುಗಳ ಮಾತಿಗೆಂದು ಕರೆದು ಟೀವಿ ಕಥೆಯ ಮಾತು ತೆಗೆಯುತ್ತಾರಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸೀತು. ಪಾಳಿ ಮುಗಿಸಿ ಮನೆಗೆ ಬಂದವರು, ಅಂಗಡಿಯ ಬಾಗಿಲು ಹಾಕಿ ಊಟಕ್ಕೆ ಕುಳಿತವರು ಕಣ್ಣೆದುರಿಗೆ ಇಟ್ಟುಕೊಳ್ಳುವುದು ಏನನ್ನು? ಟೀವಿಯನ್ನು, ಇಲ್ಲವೆ ಕೈಯಲ್ಲಿರುವ ಫೋನನ್ನು. ದಿನಕ್ಕೆ ಒಂದೆರಡು ಗಂಟೆ ನಮ್ಮ ತಲೆಯೊಳಗೆ ಕುಳಿತು ಮಾತನಾಡುವ ವಸ್ತುವಿನ ವಿಚಾರ ನಮ್ಮ ವಿಚಾರವಲ್ಲವೆಂದರೆ ಹೇಗೆ?

ಇಂದು ಎಲ್ಲಿ ನೋಡಿದರೂ ಕೊಲೆಗಾರನ ಕಥೆ. ಒಂದು ಕೊಲೆಯಲ್ಲ, ಸಾಲು ಕೊಲೆ. ಅದರಲ್ಲಿಯೂ ಒಂದು ಹೊಸ ಪದ್ಧತಿ ಹೊರಟಿದೆ. ಮುಗಿದುಹೋದ ಕಥೆಯನ್ನು ಮತ್ತೆ ಎಬ್ಬಿಸುವುದು. ಅಮೆರಿಕದಲ್ಲಿ ‘ಡೆಕ್ಸ್‌ಟರ್’ ಎಂಬ ಧಾರಾವಾಹಿಯೊಂದಿದೆ. ೨೦೦೬ರಲ್ಲಿ ಆರಂಭವಾಗಿ ೨೦೧೩ರವರೆಗೆ ೯೬ ಕಂತು ನಡೆಯಿತು. ಅದರ ನಾಯಕ ಮಯಾಮಿ ನಗರದ ಪೋಲೀಸ್ ಇಲಾಖೆಯಲ್ಲಿ ರಕ್ತದ ಕಲೆಗಳನ್ನು ಪರೀಕ್ಷಿಸುವ ನೌಕರ. ಹಗಲು ಆ ಉದ್ಯೋಗ, ರಾತ್ರಿ ಕೊಲೆ. ೨೦೨೧ರಲ್ಲಿ ಅವನನ್ನು ಮತ್ತೆ ಕರೆತಂದು ೧೦ ಕಂತು ಆಡಿಸಿ, ಕೊನೆಗೆ ಸ್ವಂತ ಮಗನ ಗುಂಡಿಗೆ ಬಲಿ ಕೊಟ್ಟರು. ಅಲ್ಲಿಗೆ ಮುಗಿಯಿತೆಂದು ಜನ ನಂಬಿದರು. ೨೦೨೪ರ ಡಿಸೆಂಬರಿನಲ್ಲಿ ಅವನ ಯೌವನದ ಕಥೆ ಬಂತು. ೨೦೨೫ರ ಜುಲೈಯಲ್ಲಿ, ಅವನು ಸತ್ತೇ ಇರಲಿಲ್ಲವೆಂದು ಹೇಳಿ ಎಬ್ಬಿಸಿ ಕೂರಿಸಿದರು. ಆ ಹೊಸ ಸರಣಿಗೆ ಇಟ್ಟ ಹೆಸರೇ ‘ಪುನರುತ್ಥಾನ’ ಎಂಬ ಅರ್ಥದ್ದು.

ಇದರ ಗುಟ್ಟು ನಮ್ಮ ಅಂಗಡಿಕಾರ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ. ಹೊಸ ಸರಕನ್ನು ತಂದಿಟ್ಟರೆ ಹೋಗುತ್ತದೋ ಇಲ್ಲವೋ ಎಂಬ ಅಂಜಿಕೆ. ಹತ್ತು ವರ್ಷ ಓಡಿದ ಸರಕಾದರೆ ಗಿರಾಕಿ ಹೆಸರು ಹೇಳಿಕೊಂಡು ತಾನೇ ಬರುತ್ತಾನೆ. ಹಳೆಯ ಡಬ್ಬಿ, ಹೊಸ ಚೀಟಿ. ಕೋಟ್ಯಂತರ ಬಂಡವಾಳ ಹೂಡಿದವರಿಗೆ ಬೇಕಾಗಿರುವುದು ಕಥೆಯಲ್ಲ, ನಷ್ಟವಾಗದೆಂಬ ಖಾತರಿ. ಕೊಲೆಗಾರನ ಹೆಸರು ಆ ಖಾತರಿಯನ್ನು ಕೊಡುತ್ತದೆ. ಸತ್ತವರ ಹೆಸರು ಕೊಡುವುದಿಲ್ಲ.

ನಮ್ಮ ನಾಡಿನಲ್ಲಿಯೂ ಇದೇ ನಡೆದಿದೆ. ಹೊಸಕೋಟೆಯ ಕಡೆಯ ದಂಡುಪಾಳ್ಯದ ಹೆಸರು ಹೊತ್ತ ಗುಂಪಿನ ಕೊಲೆ ಸುಲಿಗೆಗಳನ್ನು ಆಧರಿಸಿ ೨೦೧೨ರಲ್ಲಿ ಒಂದು ಚಲನಚಿತ್ರ ಬಂತು. ದುಡ್ಡು ಮಾಡಿತು. ೨೦೧೭ರಲ್ಲಿ ಎರಡನೆಯದು, ೨೦೧೮ರಲ್ಲಿ ಮೂರನೆಯದು. ಫಲವೇನಾಯಿತು? ಒಂದು ಊರಿನ ಹೆಸರು ಬೈಗುಳವಾಯಿತು. ಇಂದು ರಾಜಕಾರಣಿಗಳು ಎದುರಾಳಿಯನ್ನು ಹಳಿಯಬೇಕಾದರೆ ‘ದಂಡುಪಾಳ್ಯ ಗ್ಯಾಂಗು’ ಎನ್ನುತ್ತಾರೆ. ಆ ಊರಿನಲ್ಲಿ ರಾಗಿ ಬೆಳೆಯುವವರಿದ್ದಾರೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಉದ್ಯೋಗ ಕೇಳಿಕೊಂಡು ಹೋದ ಹುಡುಗ ಯಾವ ಊರಪ್ಪಾ ಎಂದರೆ ಏನು ಹೇಳಬೇಕು? ನಾಳೆ ಯಾರೋ ಒಬ್ಬ ಪಾಪಿ ಮಾಡಿದ ಕೃತ್ಯಕ್ಕೆ ನಮ್ಮ ನಂಜನಗೂಡಿನ ಹೆಸರಿಟ್ಟು ಮೂರು ಚಿತ್ರ ತೆಗೆದರೆ ನಮಗೆ ಹೇಗಾದೀತು, ಯೋಚಿಸಿ.

ಆದರೆ ನಾವು ಇಂದು ಮುಖ್ಯವಾಗಿ ಹೇಳಬೇಕಾದ್ದು ಬೇರೊಂದು ಪ್ರಕರಣ. ಅದು ನಮ್ಮ ಮೈಸೂರಿನ ಬಸ್ ನಿಲ್ದಾಣದವರೆಗೂ ಬಂದಿತ್ತು.

ದಕ್ಷಿಣ ಕನ್ನಡದ ಬಂಟ್ವಾಳದ ಕಡೆಯ ಮೋಹನ ಕುಮಾರನೆಂಬವನು ಶಾಲೆಯ ಮೇಷ್ಟರಾಗಿದ್ದವನು. ೨೦೦೩ರಿಂದ ೨೦೦೯ರವರೆಗೆ ೨೦ ಮಂದಿ ಹೆಂಗಸರನ್ನು ವಿಷವಿಕ್ಕಿ ಕೊಂದನೆಂಬ ಆರೋಪ ಅವನ ಮೇಲೆ ಬಂತು. ಪತ್ರಿಕೆಗಳು ಅವನನ್ನು ಸಯನೈಡ್ ಮೋಹನ ಎಂದು ಕರೆದವು. ೨೦೦೯ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದ. ೨೦೧೩ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೂರು ಕೊಲೆಗಳಿಗಾಗಿ ಮರಣದಂಡನೆ ವಿಧಿಸಿತು. ೨೦೧೭ರಲ್ಲಿ ಉಚ್ಚ ನ್ಯಾಯಾಲಯ ಅವುಗಳಲ್ಲೊಂದರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ೨೦ನೆಯ, ಅಂದರೆ ಕೊನೆಯ ಪ್ರಕರಣದ ಶಿಕ್ಷೆ ಪ್ರಕಟವಾದದ್ದು ೨೦೨೦ರ ಜೂನ್ ತಿಂಗಳಿನಲ್ಲಿ.

ಸತ್ತವರು ಯಾರು? ಬೀಡಿ ಕಟ್ಟುವವರು, ಹಾಸ್ಟೆಲಿನಲ್ಲಿ ಅಡುಗೆ ಮಾಡುವವರು, ಬಹುಪಾಲು ಬಡವರ ಮನೆಯ ಹೆಣ್ಣುಮಕ್ಕಳು. ವರದಕ್ಷಿಣೆ ಕೊಡಲಾರದ ಮನೆಗಳಲ್ಲಿ ಮದುವೆಯ ವಯಸ್ಸು ಮೀರುತ್ತಿದ್ದವರು. ಅವನು ಸುಳ್ಳು ಹೆಸರು ಹೇಳಿ, ಹುಡುಗಿಯ ಜಾತಿಯವನೇ ಎಂದು ಹೇಳಿಕೊಂಡು, ವರದಕ್ಷಿಣೆ ಬೇಡವೆಂದ. ಆ ಒಂದು ಮಾತೇ ಅವನ ಬಲೆ. ನಮ್ಮ ದೇಶದಲ್ಲಿ ವರದಕ್ಷಿಣೆ ನಿಷೇಧದ ಕಾಯಿದೆ ಬಂದದ್ದು ೧೯೬೧ರಲ್ಲಿ. ಅದಾಗಿ ನಲವತ್ತು ವರ್ಷ ಕಳೆದ ಮೇಲೂ ‘ವರದಕ್ಷಿಣೆ ಬೇಡ’ ಎಂಬ ಮಾತು ಕೊಲೆಗಾರನ ಕೈಯ ಆಯುಧವಾಗುವಷ್ಟು ಅಪರೂಪವಾಗಿತ್ತೆಂದರೆ, ಆ ಆಯುಧವನ್ನು ಮಸೆದುಕೊಟ್ಟವರು ಯಾರು? ಅವನೊಬ್ಬನೆಯೆ?

ಬೇರೆ ಊರಿಗೆ ಕರೆದೊಯ್ಯುತ್ತಿದ್ದ. ಮಡಿಕೇರಿ, ಹಾಸನ, ಬೆಂಗಳೂರು, ನಮ್ಮ ಮೈಸೂರು. ಹೆಂಗಸಿನ ಶವ ಬಸ್ ನಿಲ್ದಾಣದ ಶೌಚಾಲಯದಲ್ಲಿ ಸಿಗುತ್ತಿತ್ತು. ಒಳಗಿನಿಂದ ಚಿಲಕ, ಮೈಮೇಲೆ ಒಳ್ಳೆಯ ಸೀರೆ, ಒಡವೆಯಿಲ್ಲ. ಅಪರಿಚಿತ ಹೆಂಗಸು, ಅಸ್ವಾಭಾವಿಕ ಮರಣ ಎಂದು ಬರೆದುಕೊಂಡರು, ಕಡತ ಕಟ್ಟಿದರು. ಸ್ವಲ್ಪ ದಿನದ ಮೇಲೆ ಮತ್ತೊಂದು ಹೆಂಗಸು, ಮತ್ತೊಂದು ಕಡತ. ಊರಿನಲ್ಲಿ ಮಗಳು ಕಾಣೆಯಾಗಿದ್ದಾಳೆ. ಇಲ್ಲಿ ಹೆಸರಿಲ್ಲದ ಹೆಣ ಮಣ್ಣಾಗಿದೆ. ಈ ಎರಡು ಕಡತಗಳು ಒಂದನ್ನೊಂದು ನೋಡಲೇ ಇಲ್ಲ.

ನರಸೀಪುರದ ರೇಷ್ಮೆ ಕಾರ್ಖಾನೆಯಲ್ಲಿ ಗೂಡಿನಿಂದ ನೂಲು ತೆಗೆದು ಬಲ್ಲ ಅಕ್ಕಂದಿರು ಈ ಸಭೆಯಲ್ಲಿದ್ದಾರೆ. ಅವರನ್ನು ಕೇಳಿ. ಒಂದು ಎಳೆ ತುಂಡಾದರೆ ಗಂಟು ಹಾಕಿ ಮುಂದೆ ಹೋಗುತ್ತಾರೆ. ಒಂದೇ ಜಾಗದಲ್ಲಿ ಎಳೆ ಮೇಲೆ ಎಳೆ ತುಂಡಾಗುತ್ತಿದ್ದರೆ ಗಂಟು ಹಾಕುತ್ತಾ ಕೂರುತ್ತಾರೆಯೆ? ಯಂತ್ರ ನಿಲ್ಲಿಸಿ, ಎಲ್ಲಿ ಕೊಯ್ಯುತ್ತಿದೆ ಎಂದು ನೋಡುತ್ತಾರೆ. ನೂಲಿಗೆ ಇರುವ ಈ ಮರ್ಯಾದೆ ಬೀಡಿ ಕಟ್ಟುವ ಹೆಂಗಸಿನ ಜೀವಕ್ಕೆ ಇರಲಿಲ್ಲ. ಸುಮಾರು ಆರು ವರ್ಷ ಗಂಟು ಹಾಕುತ್ತಲೇ ಇದ್ದರು.

ಕೊನೆಗೆ ಯಂತ್ರ ನಿಂತದ್ದು ಹೇಗೆ? ೨೦೦೯ರಲ್ಲಿ ಬಂಟ್ವಾಳದ ಕಡೆಯ ಒಬ್ಬ ಹುಡುಗಿ ಕಾಣೆಯಾದಾಗ, ಅನ್ಯಮತದವನೊಬ್ಬನ ಜೊತೆ ಓಡಿಹೋದಳೆಂಬ ಗುಮಾನಿಯಿಂದ ಜನ ಠಾಣೆಯ ಮುಂದೆ ಗುಂಪು ಸೇರಿದರು. ಗುಮಾನಿ ತಪ್ಪಾಗಿತ್ತು. ಆದರೆ ಗಲಾಟೆಯ ಭಯಕ್ಕೆ ತನಿಖೆ ಚುರುಕಾಯಿತು. ಫೋನ್ ಕರೆಗಳ ದಾಖಲೆ ತೆಗೆಸಿದಾಗ ಕಾಣೆಯಾದ ಒಬ್ಬಳಿಂದ ಮತ್ತೊಬ್ಬಳಿಗೆ, ಅಲ್ಲಿಂದ ಮಗುದೊಬ್ಬಳಿಗೆ ದಾರಿ ತೆರೆಯಿತು. ನೋಡಿ, ಬಂಧುಗಳೇ! ಬಡವರ ಮಗಳು ಕಾಣೆಯಾದಳು ಎಂಬ ಸತ್ಯಕ್ಕೆ ಏಳದ ಆಡಳಿತ, ಮತದ ಸುಳ್ಳಿಗೆ ಎದ್ದು ನಿಂತಿತು. ಇದು ನಮ್ಮೆಲ್ಲರ ನಾಚಿಕೆ.

ಈ ಪ್ರಕರಣವೂ ಧಾರಾವಾಹಿಯಾಯಿತು. ೨೦೨೩ರ ಮೇ ತಿಂಗಳಿನಲ್ಲಿ ‘ದಹಾಡ್’ ಎಂಬ ೮ ಕಂತಿನ ಹಿಂದೀ ಕಥೆ ಅಮೆಜಾನ್ ಪ್ರೈಮ್‌ನಲ್ಲಿ ಬಂತು. ಕಥೆ ನಡೆಯುವುದು ರಾಜಸ್ಥಾನದಲ್ಲಿ. ಹುರುಳು ಮೋಹನನ ಪ್ರಕರಣದ್ದೆಂದು ಪತ್ರಿಕೆಗಳು ಗುರುತಿಸಿದವು. ನ್ಯಾಯವಾಗಿ ಹೇಳಬೇಕಾದರೆ, ಅದರಲ್ಲಿ ವರದಕ್ಷಿಣೆಯ ಮಾತಿದೆ, ಜಾತಿಯ ಮಾತಿದೆ, ಬಡವನ ದೂರಿಗೆ ಠಾಣೆಯಲ್ಲಿ ಬೆಲೆ ಇಲ್ಲವೆಂಬ ಮಾತೂ ಇದೆ. ಮನಸ್ಸು ಮಾಡಿದರೆ ಹೀಗೂ ಕಥೆ ಹೇಳಬಹುದೆಂಬುದಕ್ಕೆ ಅದು ಸಾಕ್ಷಿ. ಹೇಳಿದರೆ ನೋಡುವವರೂ ಇದ್ದಾರೆ.

ನರಸೀಪುರದ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ಕೇಳಿದರು: “ಇಂಥವ ನೋಡುದ್ರ ನಮ್ಮ ಹೆಣ್ಣೈಕ್ಳು ಹುಷಾರಾಯ್ತವಲ್ಲ ಸ್ವಾಮಿ, ಅದು ಒಳ್ಳೇದಲ್ವಾ?” ಒಳ್ಳೆಯ ಪ್ರಶ್ನೆ. ನಾವು ಚಿತ್ರಗಳನ್ನು ನಿಷೇಧಿಸಿ ಎನ್ನುವವರಲ್ಲ. ದುಡಿದು ದಣಿದವರು ನೋಡಿ ಸಂತೋಷಪಡುವುದನ್ನು ಹಂಗಿಸುವವರೂ ಅಲ್ಲ. ಆದರೆ ನೋಡಿದ ಮೇಲೆ ಮನೆಯಲ್ಲಿ ನಡೆಯುವುದೇನು? ಫೋನ್ ಮುಟ್ಟಬೇಡ, ಕೆಲಸಕ್ಕೆ ಹೋಗಬೇಡ, ಒಬ್ಬಳೇ ಮೈಸೂರಿನ ಬಸ್ಸು ಹತ್ತಬೇಡ ಎನ್ನುತ್ತೇವೆ. ಎಚ್ಚರಿಕೆಯ ಹೊರೆಯೆಲ್ಲ ಹುಡುಗಿಯ ತಲೆಯ ಮೇಲೆ! ಪೋಲೀಸಿನವರ ಮೇಲೆ ಇಲ್ಲ, ವರದಕ್ಷಿಣೆ ಕೇಳುವ ನೆಂಟರ ಮೇಲೆ ಇಲ್ಲ, ನಮ್ಮ ಮೇಲೆ ಇಲ್ಲ. ಆ ೨೦ ಮಂದಿ ಸತ್ತದ್ದು ಹುಷಾರು ಸಾಲದೆ ಅಲ್ಲ. ಅವರನ್ನು ಹುಡುಕುವವರಿಲ್ಲವೆಂದು ಕೊಲೆಗಾರನಿಗೆ ಗೊತ್ತಿದ್ದುದರಿಂದ.

ಇದೇ ಆ ಅಮೆರಿಕದ ಕಥೆಯ ಮೋಸ. ಅದರ ನಾಯಕ ಕೊಲ್ಲುವುದು ಬಹುಮಟ್ಟಿಗೆ ದುಷ್ಟರನ್ನು, ಕಾನೂನಿನಿಂದ ನುಣುಚಿಕೊಂಡವರನ್ನು. ನೋಡುವವರಿಗೆ ಸಮಾಧಾನ. ಕಾನೂನು ಕೈಬಿಟ್ಟರೂ ಒಬ್ಬ ಜಾಣ ಕೊಲೆಗಾರ ನ್ಯಾಯ ಕೊಟ್ಟಾನೆಂಬ ಭ್ರಮೆ. ನಿಜವಾದ ಕೊಲೆಗಾರ ದುಷ್ಟರನ್ನು ಹುಡುಕಿಕೊಂಡು ಹೋಗುವುದಿಲ್ಲ. ದಿಕ್ಕಿಲ್ಲದವರನ್ನು ಹುಡುಕಿಕೊಂಡು ಬರುತ್ತಾನೆ. ಅವನಿಗೆ ಅಸಾಧಾರಣ ಬುದ್ಧಿ ಬೇಕಾಗಿಲ್ಲ, ನಮ್ಮ ಉದಾಸೀನ ಸಾಕು. ಅವನನ್ನು ಮೇಧಾವಿಯೆಂದು ತೋರಿಸಿದಷ್ಟೂ ನಮ್ಮ ಉದಾಸೀನ ಮರೆಯಾಗುತ್ತದೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲನೆಯದು, ಮಾನದ ಭಯ ಬಿಡುವುದು. ಮಗಳು ಸಂಜೆ ಬರಲಿಲ್ಲವೆಂದರೆ ‘ಊರವರಿಗೆ ಗೊತ್ತಾದರೆ ಏನು ಗತಿ’ ಎಂದು ಬಾಯಿ ಮುಚ್ಚಿಕೊಂಡು ಕೂರುವ ತಾಯಿತಂದೆಯರು ನಮ್ಮಲ್ಲಿಯೂ ಇದ್ದಾರೆ. ಅವಳು ಯಾರನ್ನು ಮೆಚ್ಚಿ ಹೋಗಿದ್ದರೂ ಸರಿಯೆ, ಜೀವಂತವಾಗಿದ್ದಾಳೆಯೆ ಎಂದು ತಿಳಿಯುವುದು ಮೊದಲು. ಮಾನದ ಲೆಕ್ಕ ಆಮೇಲೆ.

ಎರಡನೆಯದು, ದೂರನ್ನು ಬರವಣಿಗೆಯಲ್ಲಿ ಕೊಡುವುದು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಕಲಮಿನ ಪ್ರಕಾರ, ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. ‘ನಮ್ಮ ಸರಹದ್ದಲ್ಲ’ ಎಂದು ತಳ್ಳುವಂತಿಲ್ಲ. ದಾಖಲಾದ ವರದಿಯ ಪ್ರತಿಯನ್ನು ಕಾಸಿಲ್ಲದೆ ಕೊಡಬೇಕು. ಬರೆದುಕೊಳ್ಳದಿದ್ದರೆ ಜಿಲ್ಲೆಯ ಪೋಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಒಬ್ಬ ತಂದೆ ಹೋದರೆ ಗದರಿಸಿ ಕಳುಹಿಸಿಯಾರು. ಗಿರಣಿಯ ಹತ್ತು ಮಂದಿ, ಪೇಟೆಯ ಹತ್ತು ಮಂದಿ ಜೊತೆಗೆ ಹೋಗಿ ನಿಂತರೆ ಕುರ್ಚಿ ಹಾಕುತ್ತಾರೆ. ಸಂಘವೆಂದರೆ ಕೂಲಿ ಕೇಳುವುದಕ್ಕೆ ಮಾತ್ರವಲ್ಲ.

ಮೂರನೆಯದು, ಕಾಣೆಯಾದವರ ಪಟ್ಟಿಯನ್ನೂ ಹೆಸರಿಲ್ಲದ ಶವಗಳ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರೆಂದು ನಮ್ಮ ತಾಲ್ಲೂಕುಗಳ ಠಾಣೆಗಳನ್ನು ಕೇಳುವುದು. ಎಲ್ಲ ಠಾಣೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು, ಮೋಹನ ಸಿಕ್ಕಿಬಿದ್ದ ಅದೇ ೨೦೦೯ರಲ್ಲಿ. ಯಂತ್ರವೇನೋ ಬಂತು. ಅದನ್ನು ತಿರುಗಿಸಿ ನೋಡುವ ಮನಸ್ಸು ಬರುವುದು ನಾವು ಕೇಳಿದಾಗ.

ಕಥೆ ಮಾಡುವವರಿಗೂ ಒಂದು ಮಾತು. ನಿಮಗೆ ಎಬ್ಬಿಸಲೇಬೇಕೆಂದಿದ್ದರೆ ಆ ಚಿಲಕ ಹಾಕಿದ ಬಾಗಿಲಿನ ಆಚೆಗೆ ಹೋದ ಹೆಂಗಸನ್ನು ಎಬ್ಬಿಸಿ. ಅವಳು ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತಿದ್ದಳು, ಕೈಗೆ ಎಷ್ಟು ಕಾಸು ಬರುತ್ತಿತ್ತು, ಆ ಸೀರೆಯನ್ನು ಯಾವ ಆಸೆಯಿಂದ ಉಟ್ಟು ಬಸ್ಸು ಹತ್ತಿದಳು, ಅದನ್ನು ಹೇಳಿ. ನಾವು ಪಾಳಿ ಮುಗಿಸಿ ಬಂದು ನೋಡುತ್ತೇವೆ.

ಬಂಧುಗಳೇ, ನಾಳೆ ಬೆಳಿಗ್ಗೆ ನಂಜನಗೂಡಿನಿಂದಲೂ ನರಸೀಪುರದಿಂದಲೂ ನಮ್ಮ ಹೆಣ್ಣುಮಕ್ಕಳು ದುಡಿಮೆಗೆಂದು ಮೈಸೂರಿನ ಬಸ್ಸು ಹತ್ತುತ್ತಾರೆ. ಹತ್ತಲಿ. ಸಂಜೆ ಯಾರಾದರೊಬ್ಬಳು ಇಳಿಯದಿದ್ದರೆ ಆ ರಾತ್ರಿಯೇ ಕೇಳುವವರು ನಾವಿದ್ದೇವೆಂದು ಈ ಎರಡು ಊರುಗಳಿಗೂ ಗೊತ್ತಿರಲಿ.