ಹಳೇ ಪ್ರಾಜೆಕ್ಟ್, ಹೊಸ ಕಂಪ್ಯೂಟರ್: ಫಾರ್ಮ್ಯಾಟ್ ಮಾಡೋ ಮುಂಚೆ ಇದನ್ನ ಕೇಳಿ

ವಿಡಿಯೊ ಎಡಿಟಿಂಗ್ ಮಾಡುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಎದುರಾಗುವ ಸಮಸ್ಯೆ ಬಗ್ಗೆ ಇವತ್ತು ಮಾತಾಡೋಣ.

ಹೊಸ ಕಂಪ್ಯೂಟರ್ ಬಂತು ಅಂತಿಟ್ಟುಕೊಳ್ಳಿ. ಹಳೇದನ್ನ ಫಾರ್ಮ್ಯಾಟ್ ಮಾಡಿ ಎಕ್ಸ್‌ಚೇಂಜ್‌ಗೆ ಕೊಟ್ಟಾಯ್ತು. ಆರು ತಿಂಗಳಾದ ಮೇಲೆ ಹಳೇ ಮದುವೆ ಮನೆಯವರು ಫೋನ್ ಮಾಡ್ತಾರೆ: ‘ಅಣ್ಣಾ, ನಮ್ಮ ತಾತ ತೀರಿಕೊಂಡರು. ಅವತ್ತು ಅವರು ಮಾತಾಡಿದ್ದನ್ನ ಅರ್ಧಕ್ಕೇ ಕಟ್ ಮಾಡಿದ್ರಲ್ಲ, ಅದು ಪೂರ್ತಿ ಸಿಗುತ್ತಾ?’ ನೀವು ಪ್ರಾಜೆಕ್ಟ್ ತೆರೀತೀರಿ. ಪರದೆ ತುಂಬ ಕೆಂಪು ಬಣ್ಣ, ‘ಮೀಡಿಯಾ ಆಫ್‌ಲೈನ್’ ಅನ್ನೋ ಬರಹ. ಇಂಥ ಹೊತ್ತಲ್ಲಿ ಏನು ಮಾಡಬೇಕು, ಈ ಹೊತ್ತು ಬರದ ಹಾಗೆ ಮೊದಲೇ ಏನು ಮಾಡಿಟ್ಟುಕೊಳ್ಳಬೇಕು, ಎರಡನ್ನೂ ಹೇಳ್ತೀನಿ.

ಮೊದಲು ಒಂದು ಮಾತು. ಪ್ರಾಜೆಕ್ಟ್ ಫೈಲ್ ಒಳಗೆ ವಿಡಿಯೊ ಇರೋದಿಲ್ಲ. ಅದು ಅಡುಗೆ ಭಟ್ಟರು ಬರೆದುಕೊಡುವ ಚೀಟಿ ಇದ್ದ ಹಾಗೆ. ಯಾವ ಕ್ಲಿಪ್ ಎಲ್ಲಿದೆ, ಎಲ್ಲಿಂದ ಎಲ್ಲಿವರೆಗೆ ಕತ್ತರಿಸಬೇಕು ಅನ್ನೋದಷ್ಟೇ ಅದರಲ್ಲಿರೋದು. ಪೆನ್‌ಡ್ರೈವ್‌ನಲ್ಲಿ ಪ್ರಾಜೆಕ್ಟ್ ಫೈಲ್ ಒಂದನ್ನೇ ತಂದರೆ ಚೀಟಿ ತಂದ ಹಾಗಾಯ್ತು, ದಿನಸಿ ತಂದ ಹಾಗಲ್ಲ.

ಎಷ್ಟೋ ಸಲ ಕ್ಲಿಪ್‌ಗಳೆಲ್ಲ ಹಾರ್ಡ್ ಡಿಸ್ಕ್‌ನಲ್ಲಿ ಭದ್ರವಾಗೇ ಇರ್ತವೆ, ವಿಳಾಸ ಮಾತ್ರ ಬದಲಾಗಿರುತ್ತೆ. ಹಳೇ ವಿಂಡೋಸ್ ಕಂಪ್ಯೂಟರ್‌ನಲ್ಲಿ ಆ ಡಿಸ್ಕ್ ‘ಇ’ ಡ್ರೈವ್ ಆಗಿತ್ತು, ಹೊಸದರಲ್ಲಿ ‘ಎಫ್’ ಆಗಿದೆ, ಅಷ್ಟೇ. ಒಂದೊಂದೇ ಕ್ಲಿಪ್ ಹುಡುಕುತ್ತಾ ಕೂರಬೇಡಿ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ಗೆ ಹೋಗಿ ಆ ಡಿಸ್ಕ್‌ಗೆ ಮತ್ತೆ ‘ಇ’ ಅಕ್ಷರವನ್ನೇ ಕೊಡಿ. ಒಳಗಿನ ಫೋಲ್ಡರ್‌ಗಳು ಮೊದಲಿನಂತೆಯೇ ಇದ್ದರೆ ಎಲ್ಲ ಕ್ಲಿಪ್‌ಗಳೂ ತಾವಾಗೇ ಸಿಗ್ತವೆ.

ಆಗಲಿಲ್ಲ ಅಂದ್ರೆ ರೀಲಿಂಕ್ ಮಾಡಬೇಕು. ಪ್ರೀಮಿಯರ್ ಪ್ರೊನಲ್ಲಿ ‘ಲಿಂಕ್ ಮೀಡಿಯಾ’ ಇದೆ. ಒಂದು ಕ್ಲಿಪ್ ತೋರಿಸಿದರೆ ಅದೇ ಜಾಗದಲ್ಲಿರುವ ಉಳಿದವನ್ನೂ ಅದೇ ಹುಡುಕಿಕೊಳ್ಳುತ್ತೆ. ಆದರೆ ಇಲ್ಲೊಂದು ಅಪಾಯ ಇದೆ. ಎಷ್ಟೋ ಕ್ಯಾಮೆರಾಗಳು ಹೊಸ ಕಾರ್ಡ್ ಹಾಕಿದಾಗಲೆಲ್ಲ ಫೈಲ್ ಹೆಸರನ್ನ ‘ಸಿ0001’ ಅಂತ ಮತ್ತೆ ಮೊದಲಿಂದ ಶುರು ಮಾಡ್ತವೆ. ಒಂದೇ ಮದುವೆಯಲ್ಲಿ ಮೂರು ‘ಸಿ0001’ ಇರಬಹುದು. ತಪ್ಪು ಫೋಲ್ಡರ್ ತೋರಿಸಿದ್ರೆ ತಾಳಿ ಕಟ್ಟೋ ಜಾಗದಲ್ಲಿ ಊಟದ ಪಂಕ್ತಿ ಬಂದು ಕೂರುತ್ತೆ! ರೀಲಿಂಕ್ ಆದಮೇಲೆ ಟೈಮ್‌ಲೈನನ್ನ ಒಂದು ಸಲ ಓಡಿಸಿ ನೋಡಿ.

ಡಾವಿಂಚಿ ರಿಸಾಲ್ವ್ ಬಳಸೋರು ಇನ್ನೂ ಹುಷಾರಾಗಿರಬೇಕು. ಅದರಲ್ಲಿ ಪ್ರಾಜೆಕ್ಟ್‌ಗಳು ನಿಮ್ಮ ಫೋಲ್ಡರ್‌ನಲ್ಲಿ ಕಣ್ಣಿಗೆ ಕಾಣೋ ಫೈಲ್‌ಗಳಾಗಿ ಇರೋದಿಲ್ಲ, ಸಾಫ್ಟ್‌ವೇರ್‌ನದೇ ಒಂದು ಡೇಟಾಬೇಸ್‌ನಲ್ಲಿ ಕೂತಿರ್ತವೆ. ‘ಫೂಟೇಜ್ ಎಲ್ಲ ಕಾಪಿ ಆಯ್ತು’ ಅಂತ ಫಾರ್ಮ್ಯಾಟ್ ಹೊಡೆದರೆ ಎಡಿಟಿಂಗ್ ಪೂರ್ತಿ ಹೋಯ್ತು ಅಂತಲೇ ಅರ್ಥ. ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ರೈಟ್ ಕ್ಲಿಕ್ ಮಾಡಿ. ‘ಎಕ್ಸ್‌ಪೋರ್ಟ್’ ಕೊಟ್ಟರೆ ಪ್ರಾಜೆಕ್ಟ್ ಮಾತ್ರ ಬರುತ್ತೆ, ‘ಆರ್ಕೈವ್’ ಕೊಟ್ಟರೆ ಕ್ಲಿಪ್‌ಗಳೂ ಜೊತೆಗೆ ಬರ್ತವೆ.

ಇನ್ನೊಂದು ತೊಂದರೆ: ಫೈಲ್ ಕಣ್ಣೆದುರಿಗೇ ಇದೆ, ಆದರೂ ಸಾಫ್ಟ್‌ವೇರ್ ಓದಲ್ಲ. ಇದು ಕೋಡೆಕ್ ಸಮಸ್ಯೆ. ಹಳೇ ಕ್ವಿಕ್‌ಟೈಮ್ 7 ಕಾಲದ ಕೆಲವು ಕೋಡೆಕ್‌ಗಳಿಗೆ ಪ್ರೀಮಿಯರ್ 2018ರಲ್ಲಿ ಬೆಂಬಲ ನಿಲ್ಲಿಸಿತು. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಈಚೆಗೆ 32 ಬಿಟ್ ಸಾಫ್ಟ್‌ವೇರ್‌ಗಳು ಓಡೋದೇ ಇಲ್ಲ. ಅದಕ್ಕೂ ಹಿಂದೆ, 2011ರಲ್ಲಿ ಬಂದ ಫೈನಲ್ ಕಟ್ ಪ್ರೊ ಎಕ್ಸ್, ಫೈನಲ್ ಕಟ್ 7ರ ಪ್ರಾಜೆಕ್ಟ್‌ಗಳನ್ನ ನೇರವಾಗಿ ತೆರೀತಾನೇ ಇರಲಿಲ್ಲ. ಪರಿಹಾರ ಇಷ್ಟೇ: ಅಂಥ ಫೈಲ್‌ಗಳನ್ನ ಹಳೇ ಕಂಪ್ಯೂಟರ್‌ನಲ್ಲೇ ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಬದಲಾಯಿಸಿಕೊಳ್ಳಿ. ಹಳೇದು ಈಗಾಗಲೇ ಕೈಬಿಟ್ಟು ಹೋಗಿದ್ರೆ, ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ಸಾಫ್ಟ್‌ವೇರ್ ಬಳಸಿ ನೋಡಿ. ಹಳೇ ಕೋಡೆಕ್‌ಗಳಲ್ಲಿ ಬಹಳಷ್ಟನ್ನ ಅದು ಓದುತ್ತೆ.

ಈಗ ನಮ್ಮದೇ ಸಮಸ್ಯೆ, ಕನ್ನಡದ್ದು. ವಿಡಿಯೊ ಎಲ್ಲ ಬಂತು, ಆದರೆ ವಧು–ವರರ ಹೆಸರಿದ್ದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣ್ತವೆ. ಯಾಕೆ? ಆ ಟೈಟಲ್‌ಗಳನ್ನ ಯೂನಿಕೋಡ್ ಅಲ್ಲದ ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿರ್ತೀವಿ. ಆ ಫಾಂಟ್‌ಗಳು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಅಲ್ಲಿ ಕನ್ನಡ ಇದೆ ಅನ್ನೋದೇ ಗೊತ್ತಾಗಲ್ಲ. ಬೇರೆ ಕನ್ನಡ ಫಾಂಟ್ ಆರಿಸಿದ್ರೂ ಸರಿಹೋಗಲ್ಲ. ಬಳಸಿದ್ದ ಫಾಂಟನ್ನೇ ಹಾಕಬೇಕು, ಇಲ್ಲವೇ ಪಠ್ಯವನ್ನ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಾಯಿಸಿ ಮತ್ತೆ ಅಂಟಿಸಬೇಕು.

ಯೂನಿಕೋಡ್ ಮಾಡಿದ ಮೇಲೂ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದಿದ್ರೆ, ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ‘ಗ್ರಾಫಿಕ್ಸ್’ ವಿಭಾಗಕ್ಕೆ ಹೋಗಿ ‘ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್’ ಆಯ್ಕೆ ಮಾಡಿ. ಆಮೇಲೆ ಹೊಸದಾಗಿ ಟೈಪ್ ಮಾಡಿ ನೋಡಿ.

ಎಲ್ಲ ಇದ್ದೂ ಪ್ರಾಜೆಕ್ಟ್ ತೆರೆಯುವಾಗಲೇ ಕ್ರ್ಯಾಶ್ ಆಗ್ತಿದ್ರೆ ಒಂದೊಂದೇ ಮಾಡ್ತಾ ಬನ್ನಿ. ಖಾಲಿ ಹೊಸ ಪ್ರಾಜೆಕ್ಟ್ ಮಾಡಿ, ಹಳೇದನ್ನ ಅದರೊಳಗೆ ಇಂಪೋರ್ಟ್ ಮಾಡಿ. ಮೀಡಿಯಾ ಕ್ಯಾಶ್ ಅಳಿಸಿ. ರೆಂಡರರ್ ಅನ್ನು ‘ಸಾಫ್ಟ್‌ವೇರ್ ಓನ್ಲಿ’ಗೆ ಬದಲಿಸಿ, ಆಗ ಸರಿಹೋದ್ರೆ ತೊಂದರೆ ಗ್ರಾಫಿಕ್ಸ್ ಡ್ರೈವರ್‌ನಲ್ಲಿರಬಹುದು. ಹಳೇ ಪ್ಲಗಿನ್‌ಗಳ ಮೇಲೂ ಒಂದು ಅನುಮಾನ ಇರಲಿ. ಎಲ್ಲಕ್ಕಿಂತ ಮೊದಲು ಮೂಲ ಪ್ರಾಜೆಕ್ಟ್‌ನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ್ದನ್ನ ಹಳೇ ಆವೃತ್ತಿ ಸಾಮಾನ್ಯವಾಗಿ ತೆರೆಯಲ್ಲ.

ಫೋನ್‌ನಲ್ಲಿ ಎಡಿಟ್ ಮಾಡೋರಿಗೂ ಇದೇ ಮಾತು. ಡ್ರಾಫ್ಟ್‌ಗಳು ಸಾಮಾನ್ಯವಾಗಿ ಆ್ಯಪ್ ಒಳಗೇ ಇರ್ತವೆ, ಆ್ಯಪ್ ತೆಗೆದರೆ ಅವೂ ಹೋಗಬಹುದು. ಕೈನ್‌ಮಾಸ್ಟರ್‌ನಂಥ ಆ್ಯಪ್‌ಗಳಲ್ಲಿ ಪ್ರಾಜೆಕ್ಟನ್ನೇ ಎಕ್ಸ್‌ಪೋರ್ಟ್ ಮಾಡಬಹುದು. ಫೋನ್ ಬದಲಿಸೋ ಮುಂಚೆ ಮಾಡಿಕೊಳ್ಳಿ.

ಕೊನೆಗೆ, ಹಳೇ ಕಂಪ್ಯೂಟರ್ ಇನ್ನೂ ಮನೆಯಲ್ಲಿದ್ರೆ ಈ ಭಾನುವಾರವೇ ನಾಲ್ಕು ಕೆಲಸ ಮುಗಿಸಿ. ಒಂದು, ಪ್ರೀಮಿಯರ್‌ನ ‘ಪ್ರಾಜೆಕ್ಟ್ ಮ್ಯಾನೇಜರ್’ ಅಥವಾ ರಿಸಾಲ್ವ್‌ನ ‘ಆರ್ಕೈವ್’ ಬಳಸಿ ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ತನ್ನಿ. ಎರಡು, ಫಾಂಟ್‌ಗಳನ್ನ ಬೇರೆಯಾಗಿ ಕಾಪಿ ಮಾಡಿ, ಪ್ರಾಜೆಕ್ಟ್ ಮ್ಯಾನೇಜರ್ ಅವನ್ನ ತರೋದಿಲ್ಲ. ಮೂರು, ಪೂರ್ತಿ ವಿಡಿಯೊವನ್ನ ಒಳ್ಳೇ ಗುಣಮಟ್ಟದಲ್ಲಿ ಒಂದು ಸಲ, ಟೈಟಲ್ ಇಲ್ಲದೆ ಇನ್ನೊಂದು ಸಲ ಎಕ್ಸ್‌ಪೋರ್ಟ್ ಮಾಡಿ. ನಾಳೆ ಯಾವ ಸಾಫ್ಟ್‌ವೇರ್ ಮುಚ್ಚಿದ್ರೂ ಅಷ್ಟಾದರೂ ಉಳಿಯುತ್ತೆ. ನಾಲ್ಕು, ಹೊಸ ಕಂಪ್ಯೂಟರ್‌ನಲ್ಲಿ ತೆರೆದು ಕಣ್ಣಾರೆ ನೋಡಿ. ಫಾರ್ಮ್ಯಾಟ್ ಏನಿದ್ರೂ ಅದಾದ ಮೇಲೆ.

ಕಂಪ್ಯೂಟರ್ ಇನ್ನೊಂದು ತಗೋಬಹುದು, ಆ ತಾತನ ಮಾತನ್ನ ಇನ್ನೊಮ್ಮೆ ಶೂಟ್ ಮಾಡೋಕಾಗಲ್ಲ. ಎಡಿಟಿಂಗ್ ಮಾಡೋ ಗೆಳೆಯರಿದ್ರೆ ಅವರಿಗೂ ಇದನ್ನ ಕಳಿಸಿ.